ಕ್ಲಚ್ ಗಟ್ಟಿಯಾದರೆ ಕಾಲನ್ನೇ ಬೈಯಬೇಡಿ

ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ಕೋಲಾರದ ಕಡೆ ಹೊರಡುವವರಿಗೆಲ್ಲ ಒಂದು ವಿಷಯ ಗೊತ್ತು. ಊರು ದೂರ ಇಲ್ಲ, ಆದರೆ ಬೆಂಗಳೂರು ದಾಟುವುದೇ ಒಂದು ಪ್ರಯಾಣ. ಟಿನ್ ಫ್ಯಾಕ್ಟರಿ, ಕೆ.ಆರ್.ಪುರ, ಅಲ್ಲಿಂದ ಹೊಸಕೋಟೆ. ಒಂದನೇ ಗೇರು, ನ್ಯೂಟ್ರಲ್, ಮತ್ತೆ ಒಂದನೇ ಗೇರು. ಹೊಸಕೋಟೆ ಆಚೆ ಹೊಸ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಎಡಗಾಲಿಗೆ ಕೆಲಸವೇ ಇರಲ್ಲ. ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಧಾರಣ ಕಾರಿನ ಕ್ಲಚ್ ಒತ್ತಲು ಹತ್ತು ಕೆಜಿ ಆಸುಪಾಸು ಬಲ ಬೇಕು ಅಂತ ಇಟ್ಟುಕೊಳ್ಳಿ. ಊರು ಸೇರುವಷ್ಟರಲ್ಲಿ 300 ಸಲ ಒತ್ತಿದರೆ ನಿಮ್ಮ ಎಡಗಾಲು ಒಟ್ಟು 3,000 ಕೆಜಿ ಒತ್ತಿದಂತಾಯ್ತು. ಅದೇ ಪೆಡಲ್ ಹದ ತಪ್ಪಿ 15 ಕೆಜಿ ಕೇಳುತ್ತಿದ್ದರೆ 4,500 ಕೆಜಿ. ಹೆಚ್ಚಾದ ಆ ಒಂದೂವರೆ ಟನ್ನಿಗೆ ಯಾರೂ ಬಿಲ್ ಕೊಡಲ್ಲ. ಮಂಡಿಯೇ ಕಟ್ಟಬೇಕು.

ಬೇಜಾರಿನ ವಿಷಯ ಏನಂದ್ರೆ, ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಗಳಲ್ಲಿ ಈ ಹದ ತಪ್ಪುವುದು ಗೊತ್ತೇ ಆಗುವುದಿಲ್ಲ. ತಿಂಗಳಿಗೆ ಒಂದು ಚೂರು ಗಟ್ಟಿಯಾಗುತ್ತಾ ಹೋಗುತ್ತೆ. ಕಾಲೂ ಒಗ್ಗಿಕೊಳ್ಳುತ್ತಾ ಹೋಗುತ್ತೆ. ಒಂದು ದಿನ ಕಾಲು ಸೋತಾಗ ನಾವು ಬೈಯುವುದು ಕಾಲನ್ನ, ವಯಸ್ಸನ್ನ.

ಕೀಲಿ ಬಚ್ಚಿಟ್ಟ ಮನೆ

ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಅಪ್ಪ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ನಾನಿನ್ನೂ ಒಂದನೇ ಕ್ಲಾಸು. ಊರಿನ ಎಷ್ಟೋ ಜನ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಅಪ್ಪ ಸ್ಟೀರಿಂಗ್ ಹಿಡಿದರು. ಗೂಡ್ಸ್ ಟೆಂಪೋ, ಆಮೇಲೆ ಸ್ಕೂಲ್ ವ್ಯಾನ್. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ಆ ಎಡಗಾಲಿನಿಂದಲೇ.

ಈಗ ಅವರಿಗೆ 67. ಬಾಡಿಗೆ ಓಡಿಸುವುದು ಬಿಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಒಂದು ಹಳೆಯ ಡೀಸೆಲ್ ಗಾಡಿ ಇದೆ. ಅಮ್ಮನ್ನ ತಿಂಗಳಿಗೊಮ್ಮೆ ಕೋಲಾರಕ್ಕೆ ಚೆಕಪ್‌ಗೆ ಕರೆದುಕೊಂಡು ಹೋಗುವುದು, ಬೀದಿಯಲ್ಲಿ ಯಾರಿಗಾದರೂ ರಾತ್ರಿ ಹುಷಾರು ತಪ್ಪಿದರೆ ಎದ್ದು ಗಾಡಿ ತೆಗೆಯುವುದು, ಎಲ್ಲ ಅವರೇ. ಹೋದ ವರ್ಷ ಎಡ ಮಂಡಿ ನೋವು ಶುರುವಾಯ್ತು. ಬಂಗಾರಪೇಟೆ ಪೇಟೆಬೀದಿಯ ಟ್ರಾಫಿಕ್ಕಿನಲ್ಲಿ ಎರಡು ಸಲ ಗಾಡಿ ಆಫ್ ಮಾಡಿದರು. ಮನೆಯಲ್ಲಿ ಮಾತುಕತೆ ನಡೆದು, ಇನ್ನು ಅಪ್ಪ ಗಾಡಿ ಓಡಿಸುವುದು ಬೇಡ ಅಂತ ತೀರ್ಮಾನ ಆಯ್ತು. ಅಮ್ಮ ಕೀಲಿಯನ್ನು ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟರು.

ಅಪ್ಪ ಜಗಳ ಆಡಲಿಲ್ಲ. ಅದೇ ನನಗೆ ಕಷ್ಟ ಅನ್ನಿಸಿದ್ದು. ಗಣಿ ಮುಚ್ಚಿದಾಗ ಒಂದು ಸಲ ಕೈಯಿಂದ ಕೆಲಸ ಹೋಗಿತ್ತು. ಈಗ ಉಳಿದಿದ್ದನ್ನೂ ಸದ್ದಿಲ್ಲದೆ ಬಿಟ್ಟುಕೊಟ್ಟು ಕೂತರು. ಮುಂದಿನ ಶನಿವಾರ ನಾನು ಊರಿಗೆ ಹೋದಾಗ ಆ ಗಾಡಿ ಓಡಿಸಿ ನೋಡಿದೆ. ಬೆಂಗಳೂರಿನಲ್ಲಿ ನನ್ನ ಕಾರಿನ ಮೆತ್ತನೆ ಪೆಡಲ್ ತುಳಿದ ಕಾಲಿಗೆ ಇದು ಕಲ್ಲು ತುಳಿದ ಹಾಗಿತ್ತು. 30ರ ಕಾಲಿಗೇ ಹೀಗಾದರೆ 67ರ ಮಂಡಿ ಏನು ಮಾಡಬೇಕು?

ಅಪ್ಪನಿಗೆ ಡಾಕ್ಟರ್ ಬೇಕಿತ್ತು, ನಿಜ. ಆದರೆ ಗಾಡಿಗೂ ಬೇಕಿತ್ತು.

ಎಣ್ಣೆ ಹೇಗೆ ಕೆಲಸ ಮಾಡುತ್ತೆ?

ಹಳೆಯ ಚಿಕ್ಕ ಕಾರುಗಳಲ್ಲಿ ಪೆಡಲಿನಿಂದ ಕ್ಲಚ್ ತನಕ ಒಂದು ಕೇಬಲ್ ಇರುತ್ತಿತ್ತು. ಸೈಕಲ್ ಬ್ರೇಕಿನ ಹಾಗೆ ಎಳೆಯುವುದು. ಈಗ ಬಹಳ ಗಾಡಿಗಳಲ್ಲಿ ಆ ಜಾಗಕ್ಕೆ ಎಣ್ಣೆ ಬಂದಿದೆ. ನೀವು ಪೆಡಲ್ ಒತ್ತಿದರೆ ಒಂದು ಪುಶ್ ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತೆ. ಒತ್ತಿದ ಎಣ್ಣೆ ಪೈಪಿನಲ್ಲಿ ಹೋಗಿ ಗೇರ್‌ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತೆ. ಅದು ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು, ಬೇರಿಂಗ್ ಪ್ರೆಷರ್ ಪ್ಲೇಟಿನ ಸ್ಪ್ರಿಂಗನ್ನು ಒತ್ತುತ್ತೆ. ಆಗ ಕ್ಲಚ್ ಪ್ಲೇಟ್ ಇಂಜಿನ್ನಿಂದ ಬಿಡಿಸಿಕೊಳ್ಳುತ್ತೆ.

ಪಿಯುಸಿಯಲ್ಲಿ ಓದಿದ ಪಾಸ್ಕಲ್ ನಿಯಮ ಇದೇ. ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ. ಕೆಜಿಎಫ್‌ನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಮೆಲ್ ಕಾರ್ಖಾನೆಯಲ್ಲಿ ತಯಾರಾಗುವ ಎಕ್ಸ್‌ಕವೇಟರಿನ ದೊಡ್ಡ ಕೈ ಮೇಲೇಳುವುದೂ ಇದೇ ನಿಯಮದಿಂದ. ಅಲ್ಲಿ ಪಂಪು ಒತ್ತುತ್ತೆ, ಇಲ್ಲಿ ನಿಮ್ಮ ಕಾಲು.

ಹಗುರವೂ ಬೇಕು, ಗಿಡ್ಡವೂ ಬೇಕು ಅಂದ್ರೆ?

ಒಂದು ಉದಾಹರಣೆ ಗಾಡಿ ತಗೊಳ್ಳೋಣ. ಪೆಡಲಿನ ಸನ್ನೆ 5ಕ್ಕೆ 1. ಅಂದರೆ ಕಾಲು 10 ಕೆಜಿ ಒತ್ತಿದರೆ ಪುಶ್ ರಾಡಿನ ಮೇಲೆ 50 ಕೆಜಿ. ಮಾಸ್ಟರ್ ಪಿಸ್ಟನ್ ಅಗಲ 15.87 ಮಿ.ಮೀ., ಸ್ಲೇವ್ ಪಿಸ್ಟನ್ 19.05 ಮಿ.ಮೀ. ಎರಡರ ವಿಸ್ತೀರ್ಣದ ಅನುಪಾತ 1.44. ಹಾಗಾಗಿ ಸ್ಲೇವ್ ಹತ್ತಿರ 72 ಕೆಜಿ. ಫೋರ್ಕಿನ ಸನ್ನೆ 2ಕ್ಕೆ 1 ಆದರೆ ಬೇರಿಂಗ್ ಮೇಲೆ 144 ಕೆಜಿ. ಹತ್ತು ಕೆಜಿ ಕೊಟ್ಟು ನೂರಾ ನಲವತ್ತು ತಗೊಂಡ ಹಾಗೆ.

ಆದರೆ ಪ್ರಕೃತಿ ಪುಕ್ಕಟೆ ಏನೂ ಕೊಡಲ್ಲ. ಬಲ ಹೆಚ್ಚಾದಷ್ಟೂ ಚಲನೆ ಕಡಿಮೆ. ಪೆಡಲ್ 130 ಮಿ.ಮೀ. ಕೆಳಗೆ ಹೋದರೆ ಮಾಸ್ಟರ್ ಪಿಸ್ಟನ್ ಸರಿಯುವುದು 26 ಮಿ.ಮೀ., ಸ್ಲೇವ್ 18, ಬೇರಿಂಗ್ ಬರೀ 9 ಮಿ.ಮೀ. ಕ್ಲಚ್ ಪೂರ್ತಿ ಬಿಡಲು ಆ 9 ಮಿ.ಮೀ. ಬೇಕೇಬೇಕು ಅಂತಿಟ್ಟುಕೊಳ್ಳಿ.

ಈಗ ಯಾರೋ ಬಂದು, "ಚಿಕ್ಕ ಮಾಸ್ಟರ್ ಸಿಲಿಂಡರ್ ಹಾಕಿಸಿ ಸಾರ್, ಕ್ಲಚ್ ಬೆಣ್ಣೆ ಥರ ಆಗುತ್ತೆ" ಅಂತಾರೆ. 14.29 ಮಿ.ಮೀ. ಮಾಸ್ಟರ್ ಹಾಕಿದರೆ ಪೆಡಲ್ ಸುಮಾರು 8 ಕೆಜಿಗೆ ಇಳಿಯುವುದು ನಿಜ. ಆದರೆ ಬೇರಿಂಗ್ ಸರಿಯುವುದು 7.3 ಮಿ.ಮೀ. ಮಾತ್ರ. ಕ್ಲಚ್ ಪೂರ್ತಿ ಬಿಡಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತೆ, ಆಮೇಲೆ ಗೇರ್‌ಬಾಕ್ಸೇ ಹೋಗುತ್ತೆ. ಎರಡು ಕೆಜಿ ಉಳಿಸಲು ಹೋಗಿ ಗೇರ್‌ಬಾಕ್ಸ್ ಕಳೆದುಕೊಂಡ ಹಾಗೆ.

ಅದಕ್ಕೇ ಹೇಳುವುದು, ಗಾಡಿ ಡಿಸೈನ್ ಮಾಡಿದವರು ಈ ತಕ್ಕಡಿಯನ್ನು ಮೊದಲೇ ತೂಗಿಟ್ಟಿರುತ್ತಾರೆ. ನಮ್ಮ ಕೆಲಸ ಅದನ್ನು ಬದಲಾಯಿಸುವುದಲ್ಲ, ಹೊಸದರಲ್ಲಿ ಹೇಗಿತ್ತೋ ಆ ಹದಕ್ಕೆ ವಾಪಸ್ ತರುವುದು.

ಯಾಕೆ ಗೊತ್ತಾಗದ ಹಾಗೆ ಗಟ್ಟಿಯಾಗುತ್ತೆ?

ಕೇಬಲ್ ಕ್ಲಚ್‌ನಲ್ಲಿ ಪ್ಲೇಟ್ ಸವೆದರೆ ಹಿಡಿಯುವ ಜಾಗ ಬದಲಾಗುತ್ತೆ. ಆಗಾಗ ಮೆಕ್ಯಾನಿಕ್ ಹತ್ತಿರ ಹೋಗಿ ಕೇಬಲ್ ಅಡ್ಜಸ್ಟ್ ಮಾಡಿಸಬೇಕು. ಹಾಗಾಗಿ ಸವೆದಿದ್ದು ಗೊತ್ತಾಗುತ್ತೆ. ಹೈಡ್ರಾಲಿಕ್‌ನಲ್ಲಿ ಸವೆದಷ್ಟು ಜಾಗವನ್ನು ಎಣ್ಣೆಯೇ ಸರಿದೂಗಿಸಿಬಿಡುತ್ತೆ. ಹಿಡಿಯುವ ಜಾಗ ಹೆಚ್ಚುಕಡಿಮೆ ಅಲ್ಲೇ ಇರುತ್ತೆ. ಡ್ರೈವರ್‌ಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತೆ.

ಒಳಗೆ ನಡೆಯುವುದು ಬೇರೆ. ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಒಂದು ತಟ್ಟೆಯ ಆಕಾರದಲ್ಲಿ ಇರುತ್ತೆ, ಮಧ್ಯಕ್ಕೆ ಬೆರಳುಗಳ ಹಾಗೆ ಸೀಳಿರುತ್ತೆ. ಕ್ಲಚ್ ಪ್ಲೇಟ್ ತೆಳುವಾದಷ್ಟೂ ಈ ಬೆರಳುಗಳು ಬೇರಿಂಗ್ ಕಡೆಗೆ ವಾಲುತ್ತವೆ. ಆ ಭಂಗಿಯಲ್ಲಿ ಅವನ್ನು ಒತ್ತಲು ಹೆಚ್ಚು ಬಲ ಬೇಕು. ಅಂದರೆ ಸವೆತದ ಲೆಕ್ಕ ಬಂದು ಬೀಳುವುದು ನೇರ ಕಾಲಿನ ಮೇಲೆ.

ಅಪ್ಪ ಫಿಟ್ಟರ್. ಬೋಲ್ಟ್ ಸದ್ದು ಕೇಳಿದರೆ ಎಷ್ಟು ಬಿಗಿ ಇದೆ ಅಂತ ಹೇಳುವವರು. ಅವರಿಗೂ ಗಾಡಿ ಮೇಲೆ ಅನುಮಾನ ಬಂದಿರಲಿಲ್ಲ. ದಿನಾ ನೋಡುವ ಮಗು ಬೆಳೆದಿದ್ದು ಗೊತ್ತಾಗಲ್ಲ ಅಂತಾರಲ್ಲ, ಹಾಗೆ.

ಮೊದಲು ರೋಗ ಗುರುತಿಸಿ

ಪೆಡಲ್ ಏನು ಹೇಳುತ್ತಿದೆ ಅಂತ ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಪೂರ್ತಿ ದೂರಕ್ಕೂ ಗಟ್ಟಿಯಾಗಿದ್ದರೆ: ಕ್ಲಚ್ ಪ್ಲೇಟ್ ಸವೆದಿರಬಹುದು. ಫೋರ್ಕ್ ಕೂರುವ ಜಾಗ, ಬೇರಿಂಗ್ ಜಾರುವ ಕೊಳವೆ ಗ್ರೀಸ್ ಇಲ್ಲದೆ ಒಣಗಿರಬಹುದು. ಪೆಡಲ್ ತೂಗುವ ಬುಶ್ ಒಣಗಿರಬಹುದು. ಕೆಲವು ಗಾಡಿಗಳಲ್ಲಿ ಪೆಡಲಿಗೆ ಸಹಾಯ ಮಾಡುವ ಒಂದು ಸ್ಪ್ರಿಂಗ್ ಇರುತ್ತೆ, ಅದು ಮುರಿದಿದ್ದರೂ ಹೀಗಾಗುತ್ತೆ.

ಒತ್ತಿದ ಮೇಲೆ ನಿಧಾನಕ್ಕೆ ವಾಪಸ್ ಬಂದರೆ: ರಬ್ಬರ್ ಹೋಸ್ ಒಳಗೆ ಊದಿಕೊಂಡು ದಾರಿ ಕಿರಿದಾಗಿರಬಹುದು. ಇಲ್ಲವೇ ಯಾರೋ ತಪ್ಪು ಎಣ್ಣೆ ಹಾಕಿ ಸೀಲ್ ಊದಿರಬಹುದು.

ಸ್ಪಂಜಿನ ಹಾಗೆ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದಾಗ ಸರಿಯಾದರೆ: ಪೈಪಿನಲ್ಲಿ ಗಾಳಿ ಸೇರಿದೆ. ಎಣ್ಣೆಯನ್ನು ಕುಗ್ಗಿಸಲು ಆಗಲ್ಲ, ಗಾಳಿಯನ್ನು ಆಗುತ್ತೆ. ನಿಮ್ಮ ಒತ್ತು ಗಾಳಿಗೇ ಹೋಗುತ್ತೆ.

ಒತ್ತಿ ಹಿಡಿದರೆ ತಾನಾಗಿಯೇ ಕೆಳಗೆ ಇಳಿದರೆ: ಮಾಸ್ಟರ್ ಅಥವಾ ಸ್ಲೇವ್ ಸೀಲ್ ಹೋಗಿದೆ. ಇದನ್ನು ನಾಳೆಗೆ ತಳ್ಳಬೇಡಿ.

ಇವೆಲ್ಲದರ ಜೊತೆಗೆ ಎರಡು ಪರೀಕ್ಷೆ. ಒಂದು, ಸಮತಟ್ಟು ಜಾಗದಲ್ಲಿ ಇಂಜಿನ್ ಐಡಲ್‌ನಲ್ಲಿಟ್ಟು, ಕ್ಲಚ್ ಪೂರ್ತಿ ಒತ್ತಿ, ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎರಡು, ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಆಕ್ಸಲರೇಟರ್ ಒತ್ತಿ. ಇಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಆಗ ಅಡ್ಜಸ್ಟ್‌ಮೆಂಟ್‌ನಿಂದ ಆಗುವ ಕೆಲಸ ಅಲ್ಲ.

ಹದ ಮಾಡುವುದು ಹೇಗೆ?

ಸೀಟಿನಿಂದ ಶುರುಮಾಡಿ. ಇದಕ್ಕೆ ಸ್ಪ್ಯಾನರೂ ಬೇಡ, ದುಡ್ಡೂ ಬೇಡ. ಬೆನ್ನು ಸೀಟಿಗೆ ಪೂರ್ತಿ ಒರಗಿಸಿ ಕೂತು ಕ್ಲಚ್ ತಳದ ತನಕ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ಕೋಲಿನ ಹಾಗೆ ನೆಟ್ಟಗಾದರೆ ಸೀಟು ಹಿಂದಿದೆ, ಸೊಂಟದಿಂದ ತಳ್ಳುತ್ತಿದ್ದೀರಿ. ಮಂಡಿ ಸ್ಟೀರಿಂಗಿಗೆ ತಾಗಿದರೆ ಸೀಟು ಮುಂದಿದೆ. ಕೆಳಗೆ ಮ್ಯಾಟ್ ಮೇಲೆ ಮ್ಯಾಟ್ ಇದ್ದರೆ ತೆಗೆದುಹಾಕಿ. ಅದು ಪೆಡಲಿಗೆ ತಡೆ ಕೊಟ್ಟು ಕ್ಲಚ್ ಅರ್ಧವೇ ಬಿಡುವ ಹಾಗೆ ಮಾಡುತ್ತೆ.

ಆಮೇಲೆ ಪೆಡಲ್ ಬುಡ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿ. ಪೆಡಲ್ ತೂಗುವ ಬುಶ್, ಪುಶ್ ರಾಡ್ ಸೇರುವ ಪಿನ್, ವಾಪಸ್ ಎಳೆಯುವ ಸ್ಪ್ರಿಂಗ್. ಇಲ್ಲಿ ಧೂಳು ಒರೆಸಿ ಗ್ರೀಸ್ ಮುಟ್ಟಿಸಿದರೆ ಕಿರಕಿರ ಸದ್ದೂ ಹೋಗುತ್ತೆ, ಸ್ವಲ್ಪ ಭಾರವೂ ಇಳಿಯುತ್ತೆ.

ಮೂರನೆಯದು ಫ್ರೀ ಪ್ಲೇ. ಹದದ ಗುಟ್ಟೆಲ್ಲ ಇರುವುದು ಇಲ್ಲಿ. ಪೆಡಲನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಮೊದಲ ಕೆಲವು ಮಿ.ಮೀ. ಏನೂ ತಡೆಯಿಲ್ಲದೆ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ಎಷ್ಟು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತೆ. ಅಡ್ಜಸ್ಟ್ ಮಾಡುವ ಪುಶ್ ರಾಡ್ ಇದ್ದರೆ ಲಾಕ್ ನಟ್ ಸಡಿಲಿಸಿ, ರಾಡ್ ತಿರುಗಿಸಿ, ಮತ್ತೆ ನಟ್ ಬಿಗಿ ಮಾಡಬೇಕು. ಒಂದು ಸಲಕ್ಕೆ ಅರ್ಧ ಸುತ್ತು ಸಾಕು.

"ಫ್ರೀ ಪ್ಲೇ ಪೂರ್ತಿ ತೆಗೆದುಬಿಟ್ಟರೆ ಕ್ಲಚ್ ಬೇಗ ಸಿಗುತ್ತಲ್ವಾ?" ಅಂತ ಅನ್ನಿಸಬಹುದು. ಬೇಡ. ಮಾಸ್ಟರ್ ಸಿಲಿಂಡರಿನಲ್ಲಿ ಡಬ್ಬಿಗೆ ಸೇರುವ ಒಂದು ಸಣ್ಣ ತೂತು ಇರುತ್ತೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ಅದು ತೆರೆಯುವುದು. ಫ್ರೀ ಪ್ಲೇ ಇಲ್ಲದಿದ್ದರೆ ಆ ತೂತು ಮುಚ್ಚಿಯೇ ಇರುತ್ತೆ. ಟ್ರಾಫಿಕ್ಕಿನಲ್ಲಿ ಎಣ್ಣೆ ಬಿಸಿಯಾಗಿ ಹಿಗ್ಗಿದಾಗ ವಾಪಸ್ ಹೋಗಲು ದಾರಿಯಿಲ್ಲ. ಕಾಲು ಇಡದೇ ಇದ್ದರೂ ಕ್ಲಚ್ ಅರ್ಧ ಒತ್ತಿದ ಹಾಗೆ ಆಗುತ್ತೆ, ಪ್ಲೇಟ್ ಸುಡುತ್ತೆ. ಇನ್ನು ಫ್ರೀ ಪ್ಲೇ ಜಾಸ್ತಿಯಾದರೆ ಪೆಡಲಿನ ದೂರ ವ್ಯರ್ಥ, ಕ್ಲಚ್ ಪೂರ್ತಿ ಬಿಡಲ್ಲ.

ನಾಲ್ಕನೆಯದು ಎಣ್ಣೆ. ಕ್ಲಚ್‌ಗೆ ಹಾಕುವುದು ಬ್ರೇಕ್ ಆಯಿಲ್ಲೇ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಡಬ್ಬಿ ಮುಚ್ಚಳದ ಮೇಲೆ ಯಾವುದು ಅಂತ ಬರೆದಿರುತ್ತೆ. ಇದಕ್ಕೆ ಗಾಳಿಯಲ್ಲಿನ ತೇವ ಹೀರುವ ಗುಣ ಇದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಅದರ ಕನಿಷ್ಠ ಮಟ್ಟ 155. ಡಾಟ್ 3 ಆದರೆ 205 ಮತ್ತು 140. ಬಿಸಿ ಇಂಜಿನ್ ಪಕ್ಕದಲ್ಲಿ ಹಳೆಯ ಎಣ್ಣೆ ಆವಿಯಾದರೆ ಪೆಡಲ್ ಸ್ಪಂಜಾಗುತ್ತೆ, ಜೊತೆಗೆ ತೇವದಿಂದ ಸಿಲಿಂಡರ್ ಒಳಗೆ ತುಕ್ಕು. ಅದಕ್ಕೇ ಮ್ಯಾನ್ಯುವಲ್ ಹೇಳಿದ ಅವಧಿಗೆ ಬದಲಾಯಿಸಬೇಕು. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ. ತೆರೆದಿಟ್ಟ ಹಳೆಯ ಡಬ್ಬಿಯ ಎಣ್ಣೆಯೂ ಬೇಡ.

ಬಣ್ಣ ನೋಡಿ ಹೇಳಬಹುದಾ? ಸುಮಾರಾಗಿ. ಬಂಗಾರಪೇಟೆ ಪಾನಿಪೂರಿ ತಿಂದವರಿಗೆ ಗೊತ್ತು, ಅಲ್ಲಿಯ ಪಾನಿ ಹಸಿರಾಗಿರಲ್ಲ, ನೀರಿನ ಹಾಗೆ ತಿಳಿ. ಹೊಸ ಬ್ರೇಕ್ ಆಯಿಲ್ ಹೆಚ್ಚುಕಡಿಮೆ ಹಾಗೇ ಇರುತ್ತೆ, ತುಸು ಹಳದಿ ಅಷ್ಟೇ. ಕಪ್ಪಾಗಿದ್ದರೆ ಬದಲಾಯಿಸುವ ಕಾಲ ಮೀರಿದೆ ಅಂತ. (ಪಾನಿ ತಿಳಿಯಾಗಿದೆ ಅಂತ ಖಾರ ಇರಲ್ಲ ಅಂದುಕೊಳ್ಳಬೇಡಿ, ಎಣ್ಣೆಯೂ ಅಷ್ಟೇ: ಪೇಂಟ್ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತೆ. ಕೂಡಲೇ ನೀರಿನಲ್ಲಿ ತೊಳೆಯಿರಿ.)

ಕೊನೆಯದು ಬ್ಲೀಡಿಂಗ್, ಅಂದರೆ ಗಾಳಿ ಹೊರಗೆ ಹಾಕುವುದು. ಇಬ್ಬರು ಬೇಕು. ಸ್ಲೇವ್ ಸಿಲಿಂಡರಿನ ನಿಪ್ಪಲ್‌ಗೆ ಒಂದು ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ನಿಧಾನಕ್ಕೆ ಒತ್ತಿ ಹಿಡಿಯಬೇಕು. ಕೆಳಗಿರುವವರು ನಿಪ್ಪಲ್ ಸಡಿಲಿಸಬೇಕು, ಎಣ್ಣೆ ಬಂದ ಮೇಲೆ ಬಿಗಿ ಮಾಡಬೇಕು. ಆಮೇಲಷ್ಟೇ ಪೆಡಲ್ ಬಿಡಬೇಕು. ಗುಳ್ಳೆ ನಿಂತು ತಿಳಿ ಎಣ್ಣೆ ಬರುವ ತನಕ ಹೀಗೇ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ, ಖಾಲಿಯಾದರೆ ಮತ್ತೆ ಗಾಳಿ ಸೇರಿ ಕೆಲಸ ಮೊದಲಿನಿಂದ. ಬಹಳ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಹಾಗಾಗಿ ಎಣ್ಣೆ ಪದೇ ಪದೇ ಇಳಿಯುತ್ತಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ, ಸೋರಿಕೆ ಎಲ್ಲಿದೆ ಹುಡುಕಿಸಿ. ಬ್ರೇಕ್ ಬಗ್ಗೆ ಅನುಮಾನ ಇದ್ದರೆ ಗಾಡಿ ತೆಗೆಯಲೇಬೇಡಿ.

ಒಂದು ಎಚ್ಚರಿಕೆ. ಗಾಡಿ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೆ ಬಿಡಿ. ಕೆಲವು ಹೊಸ ಗಾಡಿಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ, ಬೇರಿಂಗ್ ಜೊತೆ ಸೇರಿಕೊಂಡಿರುತ್ತೆ. ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಮನೆಯಂಗಳದ ಕೆಲಸ ಅಲ್ಲ.

ಪೊರಕೆ ಕೋಲು ಹೇಳಿದ ಲೆಕ್ಕ

ನಮ್ಮ ಗಾಡಿಗೆ ಏನು ಮಾಡಿದೆವು ಹೇಳ್ತೀನಿ. ಮೊದಲು ಅಳತೆ ಬೇಕಿತ್ತು. ಅಳೆಯದೆ "ಸ್ವಲ್ಪ ಹಗುರ ಆಯ್ತು ಅಲ್ವಾ" ಅಂತ ಸಮಾಧಾನ ಮಾಡಿಕೊಳ್ಳುವುದು ನಮ್ಮ ವೃತ್ತಿಗೆ ಒಗ್ಗಲ್ಲ. ಅಮ್ಮನ ಪೊರಕೆ ಕೋಲಿನ ಒಂದು ತುದಿ ಪೆಡಲ್ ಮೇಲೆ, ಇನ್ನೊಂದು ತುದಿಗೆ ದೇಹದ ತೂಕ ನೋಡುವ ತಕ್ಕಡಿ ಇಟ್ಟು ಕೈಯಲ್ಲಿ ಒತ್ತಿದೆ. ಲ್ಯಾಬ್ ಅಳತೆ ಅಲ್ಲ, ಆದರೆ ಹೋಲಿಸಲು ಸಾಕು. ತಕ್ಕಡಿ 17 ಕೆಜಿ ತೋರಿಸಿತು. ಅಪ್ಪ ಪಕ್ಕದಲ್ಲಿ ನಿಂತು ನೋಡ್ತಾ ಇದ್ದರು, ಏನೂ ಮಾತಾಡಲಿಲ್ಲ.

ರಾಬರ್ಟ್‌ಸನ್ ಪೇಟೆಯಲ್ಲಿ ಅಪ್ಪನಿಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಡಬ್ಬಿ ತೆಗೆದು ಬೆರಳದ್ದಿ ನೋಡಿ ನಕ್ಕರು.

"ಇದು ಆಯಿಲ್ ಅಲ್ಲ ತಮ್ಮಾ, ಡಿಕಾಕ್ಷನ್. ಹಿಂದಿನ ಓನರ್ ಮುಟ್ಟೇ ಇಲ್ಲ."

"ಬರೀ ಆಯಿಲ್ ಬದಲಾಯಿಸಿದ್ರೆ ಸಾಕಾಗುತ್ತಾ ಅಣ್ಣ?"

"ಮೊದ್ಲು ಕಾಸು ಕಮ್ಮಿ ಖರ್ಚಾಗೋದು ಮಾಡೋಣ. ಆಮೇಲೆ ನೋಡೋಣ."

ಈ ಮಾತು ನನಗೆ ಇಷ್ಟವಾಯ್ತು. ಎಣ್ಣೆ ಬದಲಾಯಿಸಿ ಬ್ಲೀಡ್ ಮಾಡಿದರು. ಪೆಡಲ್ ಬುಶ್‌ಗೆ ಗ್ರೀಸ್ ಹಾಕಿ ಫ್ರೀ ಪ್ಲೇ ಸರಿಮಾಡಿದರು. ಮತ್ತೆ ಪೊರಕೆ ಕೋಲು. ಈ ಸಲ 15. ಪೆಡಲ್ ಚುರುಕಾಗಿ ವಾಪಸ್ ಬರತೊಡಗಿತು, ಆದರೆ ಗಟ್ಟಿತನ ಪೂರ್ತಿ ಹೋಗಲಿಲ್ಲ. ಅಲ್ಲಿಗೆ ರೋಗ ಒಳಗಿದೆ ಅನ್ನುವುದು ಖಾತ್ರಿಯಾಯ್ತು. ಮುಂದಿನ ವಾರ ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್ ರಿವೆಟ್ ತನಕ ಸವೆದಿತ್ತು. ಬೇರಿಂಗ್ ಜಾರುವ ಕೊಳವೆ ಒಣಗಿ ಗೀರು ಬಿದ್ದಿತ್ತು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಬದಲಾಯಿಸಿದೆವು. ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗೂ ಕೊಡಬೇಕು, ಒಂದನ್ನು ಹಳೆಯದು ಬಿಟ್ಟು ಮತ್ತೆ ಇಳಿಸುವುದು ಯಾಕೆ?

ಕೊನೆಯ ಅಳತೆ 10 ಕೆಜಿ.

ಅಪ್ಪ ಸೀಟಲ್ಲಿ ಕೂತು ಎರಡು ಸಲ ಒತ್ತಿ ನೋಡಿದರು. "ಅಯ್ಯೋ, ಇದರಲ್ಲಿ ಏನಿದೆ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನನಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ ಕಣೋ" ಅಂದರು.

ಅವರ ಮಂಡಿ ನೋವು ಮಾಯವಾಗಿಲ್ಲ. ಡಾಕ್ಟರ್ ಹೇಳಿದ ವ್ಯಾಯಾಮ ನಡೀತಾ ಇದೆ, ದೂರದ ಪ್ರಯಾಣಕ್ಕೆ ನಾನೋ ತಂಗಿಯೋ ಓಡಿಸುತ್ತೇವೆ. ಪೆಡಲ್ ಔಷಧಿ ಅಲ್ಲ. ಆದರೆ ಕೀಲಿ ಬೇಳೆ ಡಬ್ಬಿಯಿಂದ ಹೊರಬಂದು ಗೋಡೆಯ ಮೊಳೆಗೆ ಸೇರಿದೆ. ಅಮ್ಮನ ಚೆಕಪ್‌ಗೆ ಈಗಲೂ ಅಪ್ಪನೇ ಕರೆದುಕೊಂಡು ಹೋಗುವುದು.

ಹದ ಉಳಿಸಿಕೊಳ್ಳಲು

ಸರಿಮಾಡಿಸಿದ ಕ್ಲಚ್ ಎಷ್ಟು ದಿನ ಬಾಳುತ್ತೆ ಅನ್ನುವುದು ಬಹುಪಾಲು ಕಾಲಿನ ಅಭ್ಯಾಸದ ಮೇಲೆ. ಓಡಿಸುವಾಗ ಎಡಗಾಲು ಪೆಡಲ್ ಮೇಲೆ ಇಟ್ಟುಕೊಂಡೇ ಇರಬೇಡಿ, ಪಕ್ಕದಲ್ಲಿ ಇಡಿ. ಸಿಗ್ನಲ್‌ನಲ್ಲಿ ಕೆಂಪು ಬಿದ್ದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಬೇಡಿ, ಹ್ಯಾಂಡ್ ಬ್ರೇಕ್ ಇರುವುದೇ ಅದಕ್ಕೆ. ಟ್ರಾಫಿಕ್ಕಿನಲ್ಲಿ ಮುಂದಿನ ಗಾಡಿ ಒಂದಡಿ ಸರಿದ ತಕ್ಷಣ ನೀವೂ ಸರಿಯಬೇಕಾಗಿಲ್ಲ. ಸ್ವಲ್ಪ ಜಾಗ ಬಿಟ್ಟು ಒಂದೇ ಸಲ ಹೋದರೆ ನಾಲ್ಕು ಕ್ಲಚ್ ಉಳಿಯುತ್ತೆ.

ಈ ಭಾನುವಾರ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಪ್ಪನದೋ, ಮಾವನದೋ, ಅಕ್ಕನದೋ ಗಾಡಿಯ ಕ್ಲಚ್ ನೀವು ಒಂದು ಸಲ ಒತ್ತಿ ನೋಡಿ. ದಿನಾ ಒತ್ತುವವರಿಗೆ ಗೊತ್ತಾಗದೇ ಇರುವುದು ಹೊಸ ಕಾಲಿಗೆ ತಟ್ಟನೆ ಗೊತ್ತಾಗುತ್ತೆ. ಹಾಗೇ ಬಾನೆಟ್ ಎತ್ತಿ ಡಬ್ಬಿಯ ಎಣ್ಣೆ ಬಣ್ಣ ನೋಡಿ. ಎರಡೂ ಸೇರಿ ಐದು ನಿಮಿಷದ ಕೆಲಸ. ಯಾರ ಕೈಯಿಂದಲಾದರೂ ಸ್ಟೀರಿಂಗ್ ಬಿಡಿಸುವ ಮೊದಲು ಆ ಐದು ನಿಮಿಷ ಕೊಡಿ.